ರೋಗಿಯಾದ ಮಗುವಿನ ಹಾಸಿಗೆಯ ಬಳಿಯಲ್ಲಿ

ಮಗುವು ಕಠಿಣ ರೋಗದಿಂದ ಆಸ್ಪತ್ರೆಯಲ್ಲಿ ಮಲಗಿರುವಾಗ ತಾಯಿತಂದೆಗಳ ಮನಸ್ಸು ಎಷ್ಟು ಕಲಕಿಹೋಗುವದೆಂಬದನ್ನು ನಮ್ಮಲ್ಲಿ ಅನೇಕರು ಬಲ್ಲೆವು. ನಿದ್ರೆ ಬಾರದು, ಅನ್ನ ಸೇರದು. ವೈದ್ಯರ ಮಾತು ಕಿವಿಗೆ ಬಿದ್ದರೂ ಮನಸ್ಸಿನಲ್ಲಿ ನಿಲ್ಲದು. ಇದು ಬಲಹೀನತೆಯಲ್ಲ, ಪ್ರೀತಿಯ ಭಾರವೇ. ಈ ಭಾರವನ್ನು ಹೊರುವ ಬಗೆ ಹೇಗೆಂದು ವಿಚಾರಿಸೋಣ.

ಹಿಂದೆ ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ ಹೆತ್ತವರು ಮಗುವನ್ನು ಒಪ್ಪಿಸಿ ಹೊರಟುಹೋಗಬೇಕಾಗಿತ್ತು. ಅವರು ಬಂದುಹೋದರೆ ಮಗು ಅಳುವದು, ಬಾರದಿದ್ದರೆ ಸುಮ್ಮನಿರುವದು ಎಂದು ಎಣಿಸುತ್ತಿದ್ದರು. ಆದರೆ ಜೇಮ್ಸ್ ರಾಬರ್ಟ್‌ಸನ್ ಎಂಬವರು ಆಸ್ಪತ್ರೆ ಸೇರಿದ ಎರಡು ವರುಷದ ಹುಡುಗಿಯೊಬ್ಬಳ ದಿನಗಳನ್ನು 1952ರಲ್ಲಿ ಚಲಚ್ಚಿತ್ರವಾಗಿ ತೋರಿಸಿದಾಗ, ಆ ಮೌನವು ಸಮಾಧಾನವಲ್ಲ, ದುಃಖವೇ ಎಂದು ತಿಳಿಯಬಂತು. 1959ರಲ್ಲಿ ಪ್ಲಾಟ್ ಸಮಿತಿಯು, ಹೆತ್ತವರನ್ನು ಎಲ್ಲಾ ಹೊತ್ತಿನಲ್ಲಿಯೂ ಬರಗೊಡಬೇಕು, ಚಿಕ್ಕ ಮಕ್ಕಳ ಸಂಗಡ ತಾಯಿಗೂ ಸ್ಥಳಕೊಡಬೇಕು ಎಂದು ಸಲಹೆಮಾಡಿತು. ಇದರಿಂದ ನಾವು ಕಲಿಯತಕ್ಕದ್ದೇನಂದರೆ, ರೋಗಿಯಾದ ಮಗುವಿನ ಬಳಿಯಲ್ಲಿ ಹೆತ್ತವರಿಗೆ ಸ್ಥಳವೂ ಉಂಟು, ಕೆಲಸವೂ ಉಂಟು.

ಆದಕಾರಣ ಮೊದಲನೆಯದಾಗಿ, ತೀವ್ರ ನಿಗಾ ಘಟಕದ ಯಂತ್ರಗಳನ್ನು ಕಂಡು ಹಿಂದೆ ಸರಿಯಬೇಡಿರಿ. ‘ಮಗುವಿನ ಕೈ ಹಿಡಿಯಬಹುದೋ? ನಾವು ಮಾಡತಕ್ಕದ್ದು ಏನಾದರೂ ಉಂಟೋ?’ ಎಂದು ದಾದಿಯರನ್ನು ಕೇಳಿ, ಅವರು ಹೇಳಿದಂತೆ ಮಾಡಿರಿ. ಹೆಸರು ಹಿಡಿದು ಮೆಲ್ಲಗೆ ಮಾತಾಡುವದೂ ಒಂದು ಸೇವೆಯೇ.

ಎರಡನೆಯದಾಗಿ, ವೈದ್ಯರನ್ನು ಕೇಳತಕ್ಕದ್ದನ್ನು ಬರೆದಿಟ್ಟುಕೊಳ್ಳಿರಿ. ತಿಳಿಯದಿದ್ದರೆ ಮತ್ತೊಮ್ಮೆ ಕೇಳಲು ನಾಚಬೇಡಿರಿ.

ಮೂರನೆಯದಾಗಿ, ಸರದಿಯಿಂದ ಉಣ್ಣಿರಿ, ಸರದಿಯಿಂದ ಮಲಗಿರಿ. ನಿದ್ರೆಗೆಟ್ಟವನು ಮಗುವಿಗೆ ಬಹುಕಾಲ ಆಸರೆಯಾಗಲಾರನು.

ನಾಲ್ಕನೆಯದಾಗಿ, ‘ನಿನ್ನಿಂದಲೇ ಹೀಗಾಯಿತು’ ಎಂದು ಒಬ್ಬರನ್ನೊಬ್ಬರು ದೂರಬೇಡಿರಿ. ತಾಯಿ ಅಳುವಾಗ ತಂದೆ ಮೌನವಾಗಿದ್ದರೆ, ಅವನಿಗೆ ದುಃಖವಿಲ್ಲವೆಂದಲ್ಲ. ಮನೆಯಲ್ಲಿ ಉಳಿದ ಮಕ್ಕಳಿಗೂ ಅವರಿಗೆ ತಿಳಿಯುವಷ್ಟು ಸತ್ಯವನ್ನು ಹೇಳಿರಿ. ಇಲ್ಲವಾದರೆ ತಮ್ಮ ತಪ್ಪಿನಿಂದಲೇ ಹೀಗಾಯಿತೆಂದು ಅವರು ನೆನಸುವದುಂಟು.

ನೆರೆಯವರಾದ ನಾವಾದರೋ, ‘ಏನಾದರೂ ಬೇಕಾದರೆ ಹೇಳಿರಿ’ ಎಂದಷ್ಟೇ ಅಂದು ಹೋಗದೆ, ಅವರ ದನಕ್ಕೆ ಹುಲ್ಲು ಹಾಕೋಣ, ಬುತ್ತಿ ಕಳುಹಿಸೋಣ, ಒಂದು ರಾತ್ರಿ ಅವರಿಗೆ ಬದಲಾಗಿ ಎಚ್ಚರವಾಗಿರೋಣ. ಯಾರ ಪಾಪದಿಂದ ಈ ರೋಗ ಬಂತೆಂದು ಹುಡುಕುವದು ನಮ್ಮ ಕೆಲಸವಲ್ಲ. ಯಾಯೀರನ ಮನೆಯಲ್ಲಿ ಕರ್ತನು ಗೋಳಾಡುವ ಗುಂಪನ್ನು ಹೊರಗೆ ಕಳುಹಿಸಿ, ತಂದೆತಾಯಿಗಳಿಬ್ಬರನ್ನೂ ಮಗುವಿದ್ದಲ್ಲಿಗೆ ಕರಕೊಂಡು ಹೋದನಲ್ಲವೇ?

ಎಲ್ಲಾ ಮಕ್ಕಳೂ ಗುಣಹೊಂದುವರೆಂದು ನಾವು ಹೇಳಲಾರೆವು. ಆದರೂ ಯಾವ ಮಗುವೂ ಒಂಟಿಯಾಗಿ ನರಳದಂತೆ, ಯಾವ ತಾಯಿತಂದೆಗಳೂ ಒಂಟಿಯಾಗಿ ಕಾಯದಂತೆ ನೋಡಿಕೊಳ್ಳುವದು ನಮ್ಮಿಂದಾಗುವ ಕೆಲಸವೇ.