ಹೇರು ಮತ್ತು ಬಿಗಿತ: ಟ್ರೇಲರಿನಲ್ಲಿ ಮೋಟರ್ ಸೈಕಲ್ ಸಾಗಿಸುವ ಪಾಠ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳು ನದಿಗಳ ಮಡಿಲಲ್ಲಿ ಬೆಳೆದ ಸೀಮೆ. ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಇಲ್ಲಿಗೆ ಕಬ್ಬಿನ ಸಮೃದ್ಧಿಯನ್ನು ತಂದಂತೆಯೇ ಕೆಲವು ವರ್ಷಗಳಲ್ಲಿ ಮಹಾಪೂರವನ್ನೂ ತಂದಿವೆ. ೨೦೦೫, ೨೦೧೯ ಮತ್ತು ೨೦೨೧ರ ಮಳೆಗಾಲಗಳನ್ನು ನದಿತೀರದ ಜನ ಮರೆತಿಲ್ಲ. ಕಲ್ಲೋಳ–ಯಡೂರ, ಕಾರದಗಾ–ಭೋಜ ಮೊದಲಾದ ತಗ್ಗಿನ ಸೇತುವೆಗಳು ನೀರಿನಲ್ಲಿ ಮುಳುಗುವುದು ಮಳೆಗಾಲದ ಪರಿಚಿತ ಸುದ್ದಿ. ೨೦೧೯ರ ಆಗಸ್ಟ್ ಮತ್ತು ೨೦೨೧ರ ಜುಲೈ ತಿಂಗಳುಗಳಲ್ಲಿಯಂತೂ ಯಮಗರ್ಣಿಯ ಬಳಿ ವೇದಗಂಗೆಯ ನೀರು ಪುಣೆ–ಬೆಂಗಳೂರು ಹೆದ್ದಾರಿಯನ್ನೇ ಆವರಿಸಿ ಸಂಚಾರವನ್ನು ನಿಲ್ಲಿಸಿತು.

ಇಂತಹ ದಿನಗಳಲ್ಲಿ ಮನೆ ಬಿಟ್ಟು ಎತ್ತರದ ಊರಿಗೆ ಹೊರಡುವ ಕುಟುಂಬಗಳಿಗೆ ಒದಗಿಬರುವುದು ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಮತ್ತು ಅದರ ಟ್ರೇಲರು. ಜೋಳದ ಚೀಲ, ಟ್ರಂಕು, ಹಾಸಿಗೆ, ಪಾತ್ರೆಗಳ ಸಂಗಡ ಮನೆಯ ಮೋಟರ್ ಸೈಕಲ್ಲೂ ಅದರಲ್ಲಿ ಏರುತ್ತದೆ. ಅವಸರದಲ್ಲಿ ಕಟ್ಟುವ ವ್ಯವಧಾನವಿಲ್ಲದೆ, ಮನೆಯ ಹುಡುಗನೊಬ್ಬನನ್ನು ಅದರ ಪಕ್ಕಕ್ಕೆ ನಿಲ್ಲಿಸಿ, “ಗಟ್ಟಿ ಹಿಡಕೋ ತಮ್ಮಾ” ಎಂದು ಹೇಳಿ ಟ್ರ್ಯಾಕ್ಟರ್ ಹೊರಡಿಸುವುದುಂಟು. ಹಿಡಿದುಕೊಂಡ ಮನುಷ್ಯನು ಕಟ್ಟಿದ ಹಗ್ಗಕ್ಕೆ ಬದಲಿಯಾಗಬಲ್ಲನೆ? ಈ ಪ್ರಶ್ನೆಗೆ ಪ್ರೌಢಶಾಲೆಯ ಭೌತಶಾಸ್ತ್ರವೇ ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ.

ಹಿಡಿದವನ ಬಲವೆಷ್ಟು?

ಚಲಿಸುವ ವಸ್ತುವು ಹೊರಗಿನ ಬಲವೊಂದು ತಡೆಯುವ ತನಕ ಅದೇ ವೇಗದಲ್ಲಿ, ಅದೇ ದಿಕ್ಕಿನಲ್ಲಿ ಚಲಿಸುತ್ತಲೇ ಇರುತ್ತದೆ. ೧೬೮೭ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ನ್ಯೂಟನ್ ಪ್ರತಿಪಾದಿಸಿದ ಮೊದಲನೆಯ ನಿಯಮವಿದು. ಟ್ರ್ಯಾಕ್ಟರ್ ನಿಂತರೂ ಟ್ರೇಲರಿನೊಳಗಿನ ಸಾಮಾನು ನಿಲ್ಲಲು ಒಪ್ಪುವುದಿಲ್ಲ.

ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಮೋಟರ್ ಸೈಕಲ್ಲಿನ ತೂಕ ೧೧೦ ಕಿಲೋಗ್ರಾಂ ಎಂದಿರಲಿ. ಗಂಟೆಗೆ ೩೦ ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಟ್ರ್ಯಾಕ್ಟರಿಗೆ ದನವೊಂದು ಅಡ್ಡ ಬಂದು, ಚಾಲಕನು ೬ ಮೀಟರಿನೊಳಗೆ ಗಾಡಿಯನ್ನು ನಿಲ್ಲಿಸಿದನೆಂದು ಭಾವಿಸೋಣ. ಆ ವೇಗವು ಸೆಕೆಂಡಿಗೆ ೮.೩ ಮೀಟರ್. ಅದರ ವರ್ಗವನ್ನು ದೂರದ ಇಮ್ಮಡಿಯಿಂದ, ಅಂದರೆ ೧೨ರಿಂದ, ಭಾಗಿಸಿದರೆ ವೇಗ ಕುಗ್ಗುವ ಪ್ರಮಾಣ ಸುಮಾರು ೫.೮ ಎಂದು ಬರುತ್ತದೆ. ಇದನ್ನು ೧೧೦ರಿಂದ ಗುಣಿಸಿದಾಗ ದೊರೆಯುವ ಬಲ ಸುಮಾರು ೬೪೦ ನ್ಯೂಟನ್. ಆಡುಮಾತಿನಲ್ಲಿ ಹೇಳುವುದಾದರೆ, ೬೫ ಕಿಲೋ ತೂಕದ ಚೀಲವೊಂದು ಹುಡುಗನ ಕೈಯನ್ನು ಮುಂದಕ್ಕೆ ಜಗ್ಗಿದಂತೆ.

ಇಷ್ಟಕ್ಕೇ ಮುಗಿಯಲಿಲ್ಲ. ಹಿಡಿದು ನಿಂತ ಹುಡುಗನೂ ಅದೇ ವೇಗದಲ್ಲಿ ಚಲಿಸುತ್ತಿರುವವನೇ. ಟ್ರೇಲರ್ ನಿಂತಾಗ ಅವನ ದೇಹವೂ ಮುಂದಕ್ಕೆ ಹಾಯುತ್ತದೆ. ತನ್ನನ್ನೇ ತಡೆದುಕೊಳ್ಳಲಾರದವನು ಇನ್ನೊಂದನ್ನು ತಡೆಯುವುದು ಹೇಗೆ? ಅವನು ಬೀಳುವುದಷ್ಟೇ ಅಲ್ಲ, ಅವನ ಮೇಲೆ ಮೋಟರ್ ಸೈಕಲ್ಲೂ ಬೀಳುತ್ತದೆ.

ಯುರೋಪಿನ ಸರಕು ಸಾಗಣೆಯ ಮಾನದಂಡವು ಇದನ್ನು ಗಮನಿಸಿಯೇ ರೂಪುಗೊಂಡಿದೆ. ರಸ್ತೆಯಲ್ಲಿ ಸಾಗಿಸುವ ಹೇರಿನ ಕಟ್ಟು, ಹೇರಿನ ತೂಕದ ಹತ್ತರಲ್ಲಿ ಎಂಟು ಪಾಲನ್ನು ಮುಂದಿನ ದಿಕ್ಕಿಗೆ, ಅರ್ಧ ಪಾಲನ್ನು ಹಿಂದಕ್ಕೂ ಎರಡು ಪಕ್ಕಗಳಿಗೂ ತಡೆಯುವಂತಿರಬೇಕೆಂದು ಅದು ವಿಧಿಸುತ್ತದೆ. ೧೧೦ ಕಿಲೋ ಮೋಟರ್ ಸೈಕಲ್ಲಿಗೆ ಇದು ಮುಂದಕ್ಕೆ ೮೮ ಕಿಲೋ, ಉಳಿದ ದಿಕ್ಕುಗಳಿಗೆ ೫೫ ಕಿಲೋ ಆಗುತ್ತದೆ.

ಚಕ್ಕಡಿ ಕಲಿಸಿದ ಪಾಠ

ಹೇರಿನ ಶಾಸ್ತ್ರ ಈ ಸೀಮೆಯ ರೈತನಿಗೆ ಹೊಸದಲ್ಲ. ಚಕ್ಕಡಿಯಲ್ಲಿ ಕಣಿಕೆ ಹೇರುವವನು ಭಾರ ಮುಂದಾಯಿತೋ ಹಿಂದಾಯಿತೋ ಎಂದು ನೋಡಿಯೇ ಎತ್ತು ಹೂಡುತ್ತಾನೆ. ಮುಂಭಾರವಾದರೆ ಎತ್ತಿನ ಹೆಗಲು ನೊಂದೀತು. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿದೀತು. ಎರಡು ಗಾಲಿಯ ಟ್ರೇಲರಿಗೂ ಇದೇ ನ್ಯಾಯ. ಹಿಂಭಾರವಾದ ಟ್ರೇಲರ್ ಟ್ರ್ಯಾಕ್ಟರಿನ ಹಿಂಬದಿಯನ್ನು ಮೇಲಕ್ಕೆತ್ತಿ, ಗಾಲಿಗಳ ಹಿಡಿತವನ್ನು ತಗ್ಗಿಸಿ, ಓಡುವಾಗ ಬಾಲ ಅಲ್ಲಾಡಿಸತೊಡಗುತ್ತದೆ. ಕಾರು ಜೀಪುಗಳು ಎಳೆಯುವ ಚಿಕ್ಕ ಟ್ರೇಲರುಗಳಲ್ಲಿ ಒಟ್ಟು ತೂಕದ ನೂರಕ್ಕೆ ೧೦ರಿಂದ ೧೫ ಪಾಲು ಕೊಂಡಿಯ ಮೇಲೆ ಬೀಳುವಂತೆ ಹೇರುವುದು ವಾಡಿಕೆ. ಆದುದರಿಂದ ಮೋಟರ್ ಸೈಕಲ್ಲನ್ನು ಹಿಂಬಾಗಿಲಿನ ಬಳಿ ನಿಲ್ಲಿಸದೆ, ಮುಂದಿನ ಗಾಲಿ ಟ್ರೇಲರಿನ ಮುಂದಿನ ಹಲಗೆಗೆ ತಾಗುವಂತೆ ನಿಲ್ಲಿಸತಕ್ಕದ್ದು. ಆಗ ಮುಂದಕ್ಕೆ ಹಾಯುವ ಬಲದ ಬಹುಪಾಲನ್ನು ಹಲಗೆಯೇ ತಾಳಿಕೊಳ್ಳುತ್ತದೆ.

ಏರಿಸುವಾಗ ಎಂಜಿನ್ನು ಬಂದಾಗಿರಬೇಕು. ಟ್ರೇಲರಿನ ತಳ ಒಂದು ಮೀಟರ್ ಎತ್ತರವಿದ್ದರೆ ಏರುಹಲಗೆ ಮೂರು ಮೀಟರಿಗೆ ಕಡಿಮೆಯಿರಬಾರದು. ಅದರ ಮೇಲಿನ ತುದಿಯನ್ನು ಜಾರದಂತೆ ಟ್ರೇಲರಿಗೆ ಕಟ್ಟಿರಬೇಕು.

ನಾಲ್ಕು ಕಟ್ಟು

ಮೋಟರ್ ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕಟ್ಟುವುದು ಸಾಮಾನ್ಯವಾದ ತಪ್ಪು. ಕುಲುಕಾಟಕ್ಕೆ ಸ್ಟ್ಯಾಂಡು ಮಡಿಚಿಕೊಂಡರೆ ಕಟ್ಟೆಲ್ಲ ಒಮ್ಮೆಲೇ ಸಡಿಲವಾಗುತ್ತದೆ. ಎರಡೂ ಗಾಲಿಗಳು ತಳದ ಮೇಲೆಯೇ ಊರಿರಬೇಕು. ತಳದ ತಗಡಿನ ಮೇಲಿನ ಕೆಸರನ್ನು ಒರೆಸಿ, ಗಾಲಿಗಳ ಕೆಳಗೆ ಗೋಣಿಚೀಲ ಹಾಸುವುದು ಒಳ್ಳೆಯದು. ಗಾಡಿ ಉರುಳದಂತೆ ಗೇರಿನಲ್ಲಿ ಇಡಬೇಕು.

ಬಳಿಕ ನಾಲ್ಕು ಕಟ್ಟುಗಳು. ಮೊದಲಿನ ಎರಡು, ಹ್ಯಾಂಡಲಿನ ಬುಡದಿಂದ ಮುಂದಕ್ಕೂ ಕೆಳಕ್ಕೂ ಎಡಬಲಗಳಿಗೂ ಚಾಚಿರಬೇಕು. ಉಳಿದೆರಡು, ಸೀಟಿನ ಕೆಳಗಿನ ಚೌಕಟ್ಟಿನಿಂದ ಹಿಂದಕ್ಕೂ ಕೆಳಕ್ಕೂ ಎಡಬಲಗಳಿಗೂ ಚಾಚಿರಬೇಕು. ಹಗ್ಗವು ನೇರ ಕೆಳಗಿಳಿದರೆ ಪಕ್ಕಕ್ಕೆ ವಾಲುವುದನ್ನು ತಡೆಯದು. ತೀರ ಅಡ್ಡವಾದರೆ ಗಾಡಿಯನ್ನು ನೆಲಕ್ಕೆ ಒತ್ತಲಾರದು. ೪೫ ಅಂಶದ ಓರೆಯಲ್ಲಿ ಎಳೆದ ಹಗ್ಗದ ಬಲದಲ್ಲಿ ಹತ್ತಕ್ಕೆ ಏಳು ಪಾಲು ಕೆಳಕ್ಕೂ ಅಷ್ಟೇ ಪಾಲು ಪಕ್ಕಕ್ಕೂ ದೊರೆಯುತ್ತದೆ. ಬಲವನ್ನು ಎರಡು ದಿಕ್ಕುಗಳಿಗೆ ವಿಂಗಡಿಸುವ ಈ ಪಾಠವನ್ನು ವಿದ್ಯಾರ್ಥಿಗಳು ಕಪ್ಪುಹಲಗೆಯ ಮೇಲೆ ಕಲಿತೇ ಇರುತ್ತಾರೆ.

ಮುಂದಿನ ಎರಡು ಕಟ್ಟುಗಳನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತ, ಮುಂದಿನ ಸ್ಪ್ರಿಂಗು ತನ್ನ ಓಟದ ಅರ್ಧದಷ್ಟು ಕುಗ್ಗುವಂತೆ ಮಾಡಬೇಕು. ಕುಗ್ಗಿದ ಸ್ಪ್ರಿಂಗು ಹಗ್ಗವನ್ನು ಸದಾ ಬಿಗಿಯಾಗಿ ಇಡುತ್ತದೆ. ಸ್ವಲ್ಪವೂ ಕುಗ್ಗಿಸದಿದ್ದರೆ ಗುಂಡಿಯಲ್ಲಿ ಗಾಡಿ ಕುಣಿದು ಕೊಕ್ಕೆ ಕಳಚೀತು; ಪೂರ್ತಿ ಕುಗ್ಗಿಸಿದರೆ ಎಣ್ಣೆಯ ಸೀಲಿಗೆ ಹಾನಿಯಾದೀತು. ಕಾಡುಮೇಡಿನ ಹಾದಿಗೆಂದೇ ಮಾಡಿದ ಡರ್ಟ್ ಬೈಕುಗಳಲ್ಲಿ ಸ್ಪ್ರಿಂಗಿನ ಓಟ ಉದ್ದ. ಆದುದರಿಂದ ಅವುಗಳನ್ನು ಸಾಗಿಸುವಾಗ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮರದ ತುಂಡನ್ನಿಟ್ಟು ಬಿಗಿಯುತ್ತಾರೆ. ಕನ್ನಡಿ, ಇಂಡಿಕೇಟರು, ಬ್ರೇಕಿನ ಹಿಡಿ, ಸೀಟಿನ ಹಿಂದಿನ ಪ್ಲಾಸ್ಟಿಕ್ ಭಾಗಗಳಿಗೆ ಹಗ್ಗ ಹಾಕಲೇಬಾರದು.

ಹಗ್ಗದ ಗುಣ

ಮಳೆಗಾಲದಲ್ಲಿ ಹಗ್ಗದ ಸ್ವಭಾವವನ್ನೂ ಅರಿತಿರಬೇಕು. ಪುಂಡಿನಾರಿನಂತಹ ನಾರಿನ ಹಗ್ಗ ನೆನೆದಾಗ ಬಿಗಿದು, ಒಣಗಿದಾಗ ಸಡಿಲವಾಗುತ್ತದೆ. ನೈಲಾನ್ ಹಗ್ಗ ಗಟ್ಟಿ, ಆದರೆ ಎಳೆತಕ್ಕೆ ಹಿಗ್ಗುತ್ತದೆ. ನೆನೆದಾಗ ಇನ್ನಷ್ಟು ಹಿಗ್ಗುತ್ತದೆ. ಬಿಗಿಯುವ ಯಂತ್ರವಿರುವ ಪಾಲಿಯೆಸ್ಟರ್ ಪಟ್ಟಿಗಳು ಈ ಕೆಲಸಕ್ಕೆ ಹೆಚ್ಚು ಒಪ್ಪುತ್ತವೆ. ಅವುಗಳ ಮೇಲೆ ನಮೂದಿಸಿದ ಎರಡು ಅಂಕಿಗಳಲ್ಲಿ ಹರಿಯುವ ಬಲವನ್ನಲ್ಲ, ಅದಕ್ಕಿಂತ ಕಡಿಮೆಯಾದ ಬಳಕೆಯ ಮಿತಿಯನ್ನು ನಂಬಬೇಕು. ಯಾವ ಹಗ್ಗವಾದರೂ ಹೊರಟ ಮೇಲೆ ಎರಡು ಮೂರು ಕಿಲೋಮೀಟರಿಗೆ ನಿಂತು ಮತ್ತೆ ಬಿಗಿಯುವುದು ಅವಶ್ಯ. ಹೇರು ತನ್ನ ಜಾಗದಲ್ಲಿ ಕೂರುವುದು ಓಡಲು ತೊಡಗಿದ ಮೇಲೆಯೇ.

ಶಾಲೆಯ ಅಂಗಳದಲ್ಲಿ

ಈ ಪಾಠಕ್ಕೆ ದುಬಾರಿ ಪ್ರಯೋಗಶಾಲೆ ಬೇಕಿಲ್ಲ. ಮಳೆಗಾಲಕ್ಕೆ ಮುನ್ನ ಒಂದು ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ನಿಂತ ಟ್ರೇಲರು, ಒಂದು ಹಳೆಯ ಮೋಟರ್ ಸೈಕಲ್ಲು, ನಾಲ್ಕು ಪಟ್ಟಿಗಳಿದ್ದರೆ ಸಾಕು. ಜಡತ್ವ, ಘರ್ಷಣೆ, ಬಲಗಳ ವಿಂಗಡಣೆ, ಗುರುತ್ವಕೇಂದ್ರ – ನಾಲ್ಕು ಅಧ್ಯಾಯಗಳನ್ನು ವಿಜ್ಞಾನದ ಶಿಕ್ಷಕರು ಒಂದೇ ದಿನ ಕಣ್ಣೆದುರು ತೋರಿಸಬಲ್ಲರು. ಟ್ರ್ಯಾಕ್ಟರುಳ್ಳ ಹಳೆಯ ವಿದ್ಯಾರ್ಥಿಗಳು ಅದನ್ನು ಅಂದು ಶಾಲೆಗೆ ತರಬಲ್ಲರು. ನದಿತೀರದ ಪ್ರತಿ ಊರಿಗೂ ಒಂದು ಜೊತೆ ಪಟ್ಟಿಯನ್ನು ಒದಗಿಸುವುದು ದಾನಿಗಳಿಗೆ ದೊಡ್ಡ ಭಾರವಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸೂತ್ರವೊಂದಿದೆ. ಮೊದಲನೆಯ ಸರದಿಯಲ್ಲಿ ಜನ, ಎರಡನೆಯ ಸರದಿಯಲ್ಲಿ ಸಾಮಾನು. ಒಂದೇ ಟ್ರೇಲರಿನಲ್ಲಿ ಎರಡನ್ನೂ ಬೆರೆಸಕೂಡದು. ಎರಡನೆಯ ಸರದಿಗೆ ನೀರು ಅವಕಾಶ ಕೊಡದಿದ್ದರೆ ಮೋಟರ್ ಸೈಕಲ್ ಅಲ್ಲಿಯೇ ಉಳಿಯಲಿ. ನೀರು ಇಳಿದ ಮೇಲೆ ಅದನ್ನು ತೊಳೆದು ದುರಸ್ತಿ ಮಾಡಬಹುದು, ಇಲ್ಲವೆ ಇನ್ನೊಂದನ್ನು ಕೊಳ್ಳಬಹುದು. ಅದನ್ನು ಹಿಡಿದು ನಿಂತ ಹುಡುಗನಿಗೆ ಬದಲಿಯಿಲ್ಲ. ಹಗ್ಗ ಮಾಡಬೇಕಾದ ಕೆಲಸವನ್ನು ಮಗುವಿನ ಕೈಗೆ ಒಪ್ಪಿಸಬಾರದೆಂಬುದೇ ಈ ಪಾಠದ ಸಾರ.