ಒದ್ದೆ ಗುಡ್ಡದ ಓಟ

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಬೆಟ್ಟಕ್ಕೆ ‘ಫೆಲ್’ ಎನ್ನುತ್ತಾರೆ. 1932ರಲ್ಲಿ ಬಾಬ್ ಗ್ರಹಾಂ 24 ಗಂಟೆಯೊಳಗೆ ಅಲ್ಲಿನ 42 ಶಿಖರಗಳನ್ನು ಸುತ್ತಿ ಬಂದರು. ಇಂಥ ಓಟಕ್ಕೆ ಚಳಿಗಾಲದಲ್ಲೂ ಅಭ್ಯಾಸ ನಡೆಯುತ್ತದೆ. ಒಣ ಚಳಿಗಿಂತ ಒದ್ದೆ ಬಟ್ಟೆ, ಗಾಳಿ ಸೇರಿದರೆ ಹೆಚ್ಚು ಅಪಾಯ. ಓಡುವಾಗ ಸ್ನಾಯುಗಳು ಶಾಖ ಕೊಡುತ್ತವೆ. ಕಾಲು ಉಳುಕಿ ಕೂತರೆ ಆ ಶಾಖ ತಗ್ಗುತ್ತದೆ. ಗಾಳಿ ಮಾತ್ರ ಮೈಬಿಸಿ ಕಸಿಯುತ್ತಲೇ ಇರುತ್ತದೆ. (ನೆನೆದು ಬಂದವರಿಗೆ ನಮ್ಮ ಅಮ್ಮಿ ಚಹಾಕ್ಕಿಂತ ಮೊದಲು ಒಣ ಬಟ್ಟೆ ಕೊಡುವುದು ಇದಕ್ಕೇ.) ದೇಹದ ಉಷ್ಣತೆ 35 ಡಿಗ್ರಿಗಿಂತ ಇಳಿದರೆ ನಡುಕ, ತೊದಲು, ಗೊಂದಲ. ಗೊಂದಲದಲ್ಲಿರುವವನಿಗೆ ತನ್ನ ಸ್ಥಿತಿ ತಿಳಿಯದು. ಆದ್ದರಿಂದ ಜೊತೆಗಾರ ಬೇಕು. ಮಳೆಯಂಗಿ, ಟೋಪಿ, ಕೈಗವಸು, ನಕ್ಷೆ, ದಿಕ್ಸೂಚಿ, ತಿನಿಸು, ಸೀಟಿ ಚೀಲದಲ್ಲಿರಲೇಬೇಕು. ಕಾಮರ್ಸ್‌ನವಳಾದ ನನಗೆ ಇದು ವಿಮೆಯ ಕಂತಿನಂತೆ ಕಾಣುತ್ತದೆ: ಭಾರ ಖಚಿತ, ಬಳಕೆ ಅನಿಶ್ಚಿತ. ಸಹಾಯ ಬೇಕಾದಾಗ ನಿಮಿಷದಲ್ಲಿ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಬೇಕು.