ಕಂಪವಾತ: ಹೆಸರೊಂದೇ, ರೋಗಿಗೊಂದು ರೀತಿ

ಮುಪ್ಪಿನಲ್ಲಿ ಕೈ ನಡುಗುವುದು ಸಹಜವೆಂದು ನಾವು ಎಷ್ಟೋ ಸಲ ಸುಮ್ಮನಿದ್ದುಬಿಡುತ್ತೇವೆ. ಆ ನಡುಕದ ಹಿಂದೆ ಪಾರ್ಕಿನ್ಸನ್ ರೋಗವಿರಬಹುದು. ಆಯುರ್ವೇದವು ಕಂಪವಾತವೆಂದು ಹೇಳುವ ಲಕ್ಷಣಗಳನ್ನು ಹೋಲುವ ಈ ರೋಗವನ್ನು 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದರು. ಮೆದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯವನ್ನು ಉತ್ಪಾದಿಸುವ ಜೀವಕೋಶಗಳು ಕ್ರಮೇಣ ನಶಿಸುವುದರಿಂದ ಚಲನೆಯ ಹಿಡಿತ ತಪ್ಪುತ್ತದೆ.

ಈ ರೋಗವು ಎಲ್ಲರಲ್ಲಿಯೂ ಒಂದೇ ರೂಪ ತಾಳುವುದಿಲ್ಲ. ಒಬ್ಬರಿಗೆ ನಡುಕವೇ ಮುಖ್ಯವಾದರೆ ಇನ್ನೊಬ್ಬರಿಗೆ ಮೈ ಬಿಗಿತ, ನಿಧಾನಗತಿ. ನಡುಕವೇ ಇಲ್ಲದ ರೋಗಿಗಳೂ ಉಂಟು. ಕೆಲವರಲ್ಲಿ ವರ್ಷಗಳ ಮೊದಲೇ ಮಲಬದ್ಧತೆ, ವಾಸನೆ ತಿಳಿಯದಿರುವುದು, ನಿದ್ರೆಯಲ್ಲಿ ಕೈಕಾಲು ಬಡಿಯುವುದು ಕಾಣಿಸಿಕೊಳ್ಳುತ್ತವೆ.

ಆದುದರಿಂದ ರೋಗನಿರ್ಣಯವೂ ವ್ಯಕ್ತಿಯನ್ನು ನೋಡಿಯೇ ಆಗಬೇಕು. ಕೈ ತೊಡೆಯ ಮೇಲೆ ಸುಮ್ಮನಿರುವಾಗ ನಡುಗುವುದೋ, ನೀರಿನ ಲೋಟ ಎತ್ತುವಾಗ ನಡುಗುವುದೋ ಎಂಬುದನ್ನು ಮನೆಯವರು ಗಮನಿಸಿ ವೈದ್ಯರಿಗೆ ತಿಳಿಸಬೇಕು. ಮೊದಲನೆಯದು ಸಾಮಾನ್ಯವಾಗಿ ಪಾರ್ಕಿನ್ಸನ್ ಲಕ್ಷಣ. ಎರಡನೆಯದು ಹೆಚ್ಚಾಗಿ ಬೇರೆ ಬಗೆಯ ನಡುಕ. ತಲೆಸುತ್ತಿಗೆ, ವಾಂತಿಗೆ, ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಇಂಥದೇ ಲಕ್ಷಣಗಳು ಬರುತ್ತವೆ. ಸೇವಿಸುತ್ತಿರುವ ಎಲ್ಲ ಔಷಧಗಳನ್ನೂ ವೈದ್ಯರಿಗೆ ತೋರಿಸಬೇಕು. ಚಿಕ್ಕ ವಯಸ್ಸಿನಲ್ಲಿಯೇ ರೋಗ ಬಂದರೆ ಶರೀರದಲ್ಲಿ ತಾಮ್ರ ಸಂಗ್ರಹವಾಗುವ ವಿಲ್ಸನ್ ಕಾಯಿಲೆಯನ್ನೂ ಪರೀಕ್ಷಿಸುತ್ತಾರೆ. ಅಗತ್ಯ ಕಂಡರೆ ವಂಶವಾಹಿ ಪರೀಕ್ಷೆಯನ್ನೂ ಸೂಚಿಸುತ್ತಾರೆ.

ಲೆವೊಡೋಪಾ ಈ ರೋಗದ ಮುಖ್ಯ ಔಷಧ. ಅದರ ಪ್ರಮಾಣ ಮತ್ತು ವೇಳೆ ರೋಗಿಯಿಂದ ರೋಗಿಗೆ ಬೇರೆ. ಬೇಳೆ, ಮೊಸರು, ಹಾಲಿನಂಥ ಪ್ರೋಟೀನ್ ಆಹಾರದೊಡನೆ ನುಂಗಿದರೆ ಕೆಲವರಲ್ಲಿ ಅದರ ಗುಣ ತಗ್ಗುತ್ತದೆ. ಅಂಥವರು ವೈದ್ಯರನ್ನು ಕೇಳಿ ಊಟಕ್ಕೆ ಅರ್ಧ ಗಂಟೆ ಮೊದಲು ಸೇವಿಸುವುದು ಲೇಸು. ಮಾತ್ರೆ ಯಾವಾಗ ನುಂಗಿದರು, ಕೈಕಾಲು ಯಾವಾಗ ಹಗುರಾದವು, ಮತ್ತೆ ಯಾವಾಗ ಬಿಗಿದವು ಎಂಬುದನ್ನು ಒಂದು ವಾರ ಬರೆದಿಟ್ಟರೆ ವೈದ್ಯರಿಗೆ ಅದೇ ದಾರಿದೀಪ. ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು ಅಪಾಯಕರ. ನಸುಗುನ್ನಿ ಬೀಜದಲ್ಲಿಯೂ ಲೆವೊಡೋಪಾ ಇರುವುದು ನಿಜ. ಆದ್ದರಿಂದಲೇ ವೈದ್ಯರಿಗೆ ತಿಳಿಸದೆ ಅದರ ಚೂರ್ಣ ಸೇರಿಸಿದರೆ ಪ್ರಮಾಣ ಮೀರೀತು. ಮೆದುಳಿಗೆ ವಿದ್ಯುತ್ ತಂತಿ ಅಳವಡಿಸುವ ಶಸ್ತ್ರಚಿಕಿತ್ಸೆಯೂ ಆಯ್ದ ರೋಗಿಗಳಿಗೆ ಮಾತ್ರ.

ತಂಬಾಕಿಗೆ ಹೆಸರಾದ ನಿಪ್ಪಾಣಿ ಸೀಮೆಯವರಾದ ನಾವು ಇನ್ನೊಂದು ಮಾತು ಅರಿಯಬೇಕು. ಧೂಮಪಾನಿಗಳಲ್ಲಿ ಈ ರೋಗ ಕಡಿಮೆಯೆಂದು ಹಲವು ಅಧ್ಯಯನಗಳು ಕಂಡಿವೆ. ಆದರೆ ನಿಕೋಟಿನ್ ಪಟ್ಟಿಯನ್ನು ರೋಗಿಗಳ ಚರ್ಮಕ್ಕೆ ಅಂಟಿಸಿ ನಡೆಸಿದ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರೋಗದ ವೇಗ ತಗ್ಗಲಿಲ್ಲ. ತಂಬಾಕು ಔಷಧವಲ್ಲ, ಅದು ತರುವ ಕ್ಯಾನ್ಸರ್, ಹೃದ್ರೋಗ ಮಾತ್ರ ನಿಶ್ಚಿತ ಅಪಾಯಗಳು. ಕೆಲವು ಕೀಟನಾಶಕ, ಕಳೆನಾಶಕಗಳಿಗೂ ಈ ರೋಗಕ್ಕೂ ನಂಟು ಕಂಡುಬಂದಿರುವುದರಿಂದ ಸಿಂಪಡಿಸುವಾಗ ಮುಖ, ಕೈಗಳಿಗೆ ರಕ್ಷಣೆ ಇರಲಿ.

ನಿತ್ಯ ನಡಿಗೆ ಹಾಗೂ ವ್ಯಾಯಾಮ ಎಲ್ಲ ರೋಗಿಗಳಿಗೂ ಹಿತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಪಾರ್ಕಿನ್ಸನ್ ರೋಗವನ್ನೂ ಪಟ್ಟಿಯಲ್ಲಿ ಸೇರಿಸಿದೆ. ಅರ್ಹರು ಪ್ರಮಾಣಪತ್ರ ಪಡೆಯಬಹುದು. ರೋಗಿಯ ಮುಖ ಬಿಗಿದು ನಗು ಮಾಸಿದ್ದರೆ ಅದು ಕೋಪವಲ್ಲ, ಅಸಡ್ಡೆಯಲ್ಲ, ರೋಗದ ಲಕ್ಷಣ. ಅವರ ಮಾತು ಮುಗಿಯುವವರೆಗೆ, ಅವರ ತುತ್ತು ಮುಗಿಯುವವರೆಗೆ ತಾಳ್ಮೆಯಿಂದ ಕಾಯುವುದೂ ಚಿಕಿತ್ಸೆಯ ಒಂದು ಭಾಗವೆಂದು ಮನೆಮಂದಿ ತಿಳಿಯಬೇಕು.